ಮೆಲ್ಬೋರ್ನ್ ಗ್ಯಾಲರಿಯಲ್ಲಿ ಎರಡು ಥರದ ನೆಲ: ಇವನ್ನು ಹೇಗೆ ನೋಡಬೇಕು?

ಯಾರಾದಂಡೆ
ಚಿತ್ರಕಲೆ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಫೆಡರೇಶನ್ ಸ್ಕ್ವೇರ್‌ನಲ್ಲಿರುವ ಇಯಾನ್ ಪಾಟರ್ ಸೆಂಟರ್‌ಗೆ ಹೋಗಿದ್ದೆವು. ವಿಕ್ಟೋರಿಯಾದ ನ್ಯಾಷನಲ್ ಗ್ಯಾಲರಿಯವರು ಆಸ್ಟ್ರೇಲಿಯಾದ ಕಲೆಯನ್ನು ಇಟ್ಟಿರುವ ಕಟ್ಟಡ ಅದು. ಊರಿಂದ ಅತ್ತೆ ಮಾವ ಬಂದಿದ್ದಾರೆ. ಹೊರಗೆ ಮಳೆ, ಒಳಗೆ ಟಿಕೆಟ್ ಇಲ್ಲ. ಇನ್ನೇನು ಬೇಕು.

ಒಂದು ಕಡೆ ಬಿಳಿಯ ಚಿತ್ರಕಾರ ಫ್ರೆಡ್ ವಿಲಿಯಮ್ಸ್ ಬರೆದ ಯೂ ಯಾಂಗ್ಸ್ ಗುಡ್ಡಗಳ ಚಿತ್ರ. ಪೂರ್ತಿ ಕಂದು. ಅದರ ಮೇಲೆ ಬಣ್ಣದ ಸಣ್ಣ ಸಣ್ಣ ಮುದ್ದೆ, ಅಲ್ಲಲ್ಲಿ ಗೀಟು. ಆಕಾಶವೇ ಇಲ್ಲ. ಇನ್ನೊಂದು ಕಡೆ ಮೂಲನಿವಾಸಿ ಕಲಾವಿದೆ ಎಮಿಲಿ ಕಾಮ್ ಉಂಗ್ವಾರೆ ಅವರ 1995ರ ಚಿತ್ರ. ಎಂಟು ಮೀಟರ್ ಅಗಲ, ಗೋಡೆ ತುಂಬ. ಕಪ್ಪು ನೆಲದ ಮೇಲೆ ಬರೀ ಬಿಳಿ ಗೆರೆಗಳು, ಒಂದರೊಳಗೊಂದು ಹೆಣೆದುಕೊಂಡಿವೆ. ಅಲ್ಲೂ ಆಕಾಶ ಇಲ್ಲ.

ನನಗೆ ಎರಡೂ ಒಂದೇ ಜಾತಿಯ ಚಿತ್ರ ಅನಿಸಿತು. ಆಮೇಲೆ ಎರಡನೆಯದರ ಪಕ್ಕದ ಚೀಟಿ ಓದಿದೆ. ಗೆಡ್ಡೆಯ ಕತೆ, ಪೂರ್ವಜರು, ಅವರ ನೆಲ ಅಂತೆಲ್ಲ ಇತ್ತು. ಓದುವ ಮುಂಚೆ ಖುಷಿಯಾಗಿ ನೋಡುತ್ತಿದ್ದೆ. ಓದಿದ ಮೇಲೆ ಸುಮ್ನೆ ಬಣ್ಣ, ಗೆರೆ ಅಂತ ನೋಡುವುದು ಸರಿಯಲ್ಲವೇನೋ ಅನಿಸತೊಡಗಿತು.

ನಮ್ಮ ಮಾವನವರು ಸರ್ವೆ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಪಪುನ್ಯಾ ಕಡೆಯ ಒಂದು ಚಿಕ್ಕ ಹಲಗೆ ಚಿತ್ರದ ಮುಂದೆ ನಿಂತರು. ವೃತ್ತಗಳು, ಅವುಗಳನ್ನು ಸೇರಿಸುವ ಗೆರೆಗಳು. "ಇದು ಗ್ರಾಮ ನಕ್ಷೆ ಕಣಮ್ಮ, ಯಾರೋ ಹದ್ದುಬಸ್ತು ಮಾಡಿದ್ದಾರೆ" ಅಂದರು. ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ.

ಚೀಟಿ ಓದಿ ನೋಡಬೇಕಾ, ಓದದೆ ನೋಡಬೇಕಾ? ಎರಡನ್ನೂ ಒಂದೇ ಕಣ್ಣಲ್ಲಿ ನೋಡಬಹುದಾ?

ಗೀಲಾಂಗ್_ವಾಸಿ
ಫ್ರೆಡ್ ವಿಲಿಯಮ್ಸ್ ಬಗ್ಗೆ ಮಾತ್ರ ಹೇಳಬಲ್ಲೆ. ಮೆಲ್ಬೋರ್ನ್‌ನಿಂದ ಗೀಲಾಂಗ್‌ಗೆ ಬರುವಾಗ ಬಲಗಡೆ ಕಾಣುವ ಗುಡ್ಡಗಳೇ ಯೂ ಯಾಂಗ್ಸ್. ಒಂದು ಸಲ ಫ್ಲಿಂಡರ್ಸ್ ಪೀಕ್ ಹತ್ತಿ ಕೆಳಗೆ ನೋಡಿ. ಸಪಾಟು ಬಯಲು, ಒಣ ಹುಲ್ಲು, ಅಲ್ಲಲ್ಲಿ ಮರ. ಮೇಲಿಂದ ನೋಡಿದರೆ ಮರಕ್ಕೆ ಕಾಂಡ ಇಲ್ಲ, ಕೊಂಬೆ ಇಲ್ಲ, ಬರೀ ಒಂದು ಗುರುತು. ಅವರು ಬರೆದಿರುವುದು ಅಷ್ಟೇ. ನಾನು ಮೊದಲು ಗುಡ್ಡ ನೋಡಿ ಆಮೇಲೆ ಚಿತ್ರ ನೋಡಿದವನು. ಚಿತ್ರದ ಮುಂದೆ ನಿಂತಾಗ ಅಬ್‌ಸ್ಟ್ರಾಕ್ಟ್ ಅಂತ ಅನಿಸಲೇ ಇಲ್ಲ, ಫೋಟೋ ತರಹ ನಿಖರ ಅನಿಸಿತು.

ಇನ್ನೊಂದು ವಿಷಯ. ಚಿತ್ರವನ್ನು ಪಕ್ಕದಿಂದ ನೋಡಿ, ಎದುರಿನಿಂದ ಅಲ್ಲ. ಆ ಮುದ್ದೆಗಳು ಕ್ಯಾನ್ವಾಸ್‌ನಿಂದ ಎದ್ದು ನಿಂತಿರುತ್ತವೆ. ಲೈಟ್ ಬಿದ್ದರೆ ಒಂದೊಂದಕ್ಕೂ ಸಣ್ಣ ನೆರಳಿರುತ್ತದೆ. ಸುತ್ತಲಿನ ಕಂದು ಮಾತ್ರ ತೆಳ್ಳಗೆ, ಒರೆಸಿ ಬಿಟ್ಟ ಹಾಗೆ.

ಕೋಲಾರದ_ಕಡ್ಲೆ
ಅವು ಮರ ಅಂದರೆ ಯಾವ ಮರ? ನೀಲಗಿರಿ ತಾನೇ?

ಗೀಲಾಂಗ್_ವಾಸಿ
ಹೌದು. ಇಲ್ಲಿ ಗಮ್ ಟ್ರೀ ಅಂತಾರೆ.

ಕೋಲಾರದ_ಕಡ್ಲೆ
ಹಾಗಾದರೆ ನನಗೆ ಆ ಚಿತ್ರ ಬೇಡ ಸ್ವಾಮಿ. ನಮ್ಮ ಕಡೆ ಬೋರ್‌ವೆಲ್ ಬತ್ತಿದ್ದಕ್ಕೆ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಆ ಮರದ ಕಡೆಗೇ ಬೆರಳು ತೋರಿಸುತ್ತಾರೆ. 2017ರಲ್ಲಿ ಸರ್ಕಾರವೇ ಇನ್ನು ಮುಂದೆ ನೀಲಗಿರಿ ನೆಡಬೇಡಿ ಅಂತ ಆದೇಶ ಮಾಡಿತು. ಆಸ್ಟ್ರೇಲಿಯಾದವರಿಗೆ ಅದು ಕಲೆ, ನಮಗೆ ಅದು ಸಾಲ.

ಬಸವನಗುಡಿ_ಬೆಂಚು
ಅದನ್ನು ನಮ್ಮ ಕಡೆಗೆ ತಂದಿದ್ದು ಟಿಪ್ಪು ಅಂತಾರೆ, 1790ರ ಸುಮಾರಿಗೆ, ನಂದಿ ಬೆಟ್ಟದ ತೋಟಕ್ಕೆ. ಮರ ತಂದವರಿಗೂ ತೋಪು ಹಾಕಿದವರಿಗೂ ಸಂಬಂಧ ಇಲ್ಲ, ಅದು ಬೇರೆ ಮಾತು. ತೋಪು ಹಾಕಿದ್ದು ಕಾಗದದ ಕಾರ್ಖಾನೆ ಕಾಲದಲ್ಲಿ.

ಅಡ್ಮಿನ್
ಟಿಪ್ಪು ಹೆಸರು ಬಂತು ಅಂದರೆ ನಾಳೆ ಬೆಳಗ್ಗೆವರೆಗೂ ಇಲ್ಲಿ ನಿದ್ದೆ ಇಲ್ಲ. ದಯವಿಟ್ಟು ಚಿತ್ರದ ಕಡೆಗೆ ಬನ್ನಿ.

ಬಣ್ಣದಡಬ್ಬಿ
ಯಾರಾದಂಡೆ ಅವರೇ, ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಇಡೀ ಗ್ಯಾಲರಿಯಲ್ಲಿ ಅವತ್ತು ಸರಿಯಾಗಿ ನೋಡಿದವರು ಅವರೊಬ್ಬರೇ ಇರಬೇಕು.

ಆ ಹಲಗೆ ಚಿತ್ರಗಳ ಹಿನ್ನೆಲೆ ಹೀಗಿದೆ. ಪಪುನ್ಯಾ ಅನ್ನುವುದು ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕಿರುವ ಒಂದು ವಸತಿ. ಸರ್ಕಾರ ಬೇರೆ ಬೇರೆ ಭಾಷೆಯ ಮರುಭೂಮಿ ಜನರನ್ನು ತಂದು ಅಲ್ಲಿ ಒಟ್ಟಿಗೆ ಇರಿಸಿತ್ತು. ಎಲ್ಲರಿಗೂ ಅವರವರ ಸ್ವಂತ ನೆಲ ದೂರ. 1971ರಲ್ಲಿ ಜೆಫ್ರಿ ಬಾರ್ಡನ್ ಅನ್ನುವ ಶಾಲಾ ಮೇಷ್ಟ್ರು ಅಲ್ಲಿಗೆ ಬಂದರು. ಹಿರಿಯರು ಶಾಲೆಯ ಗೋಡೆ ಮೇಲೆ ಜೇನಿರುವೆಯ ಕತೆಯನ್ನು ಬರೆದರು. ಆಮೇಲೆ ಸಿಕ್ಕ ಸಿಕ್ಕ ಹಲಗೆ, ರಟ್ಟು, ಎಲ್ಲದರ ಮೇಲೂ ಬರೆಯಲು ಶುರು ಮಾಡಿದರು. 1972ರಲ್ಲಿ ಕಲಾವಿದರೇ ಸೇರಿ ಪಪುನ್ಯಾ ಟುಲಾ ಅಂತ ಕಂಪನಿ ಮಾಡಿಕೊಂಡರು. ಅದು ಈಗಲೂ ಇದೆ.

ಅದಕ್ಕೂ ಮುಂಚೆ ಇವೆಲ್ಲ ಇದ್ದದ್ದು ಮರಳಿನ ಮೇಲೆ, ಮೈ ಮೇಲೆ, ಆಚರಣೆಯ ನೆಲದ ಮೇಲೆ. ಒಂದರೊಳಗೊಂದು ವೃತ್ತ ಅಂದರೆ ಹೆಚ್ಚಾಗಿ ನೀರಿನ ಜಾಗ ಅಥವಾ ಬಿಡಾರ. ಅವನ್ನು ಸೇರಿಸುವ ಗೆರೆ ಅಂದರೆ ದಾರಿ. ಕುದುರೆ ಲಾಳದ ಆಕಾರ ಅಂದರೆ ಕೂತಿರುವ ಮನುಷ್ಯ, ಮರಳಲ್ಲಿ ಕೂತು ಎದ್ದರೆ ಉಳಿಯುವ ಗುರುತು. ಪಕ್ಕದಲ್ಲಿ ಅಗೆಯುವ ಕೋಲು ಇದ್ದರೆ ಹೆಂಗಸು, ಈಟಿ ಇದ್ದರೆ ಗಂಡಸು. ಮಾವನವರು ನಕ್ಷೆ ಅಂದಿದ್ದು ಸುಮ್ಮನೆ ಅಲ್ಲ.

ಲೆಕ್ಕದಪುಸ್ತಕ
ಅದೆಲ್ಲ ಸರಿ. ಆದರೆ ಆ ಬಿಳಿ ಗೆರೆ ಚಿತ್ರ ಎರಡು ದಿನದಲ್ಲಿ ಮುಗಿಸಿದರಂತೆ. ಅದೇ ಎಮಿಲಿಯವರ 1994ರ ಒಂದು ಚಿತ್ರ 2007ರಲ್ಲಿ ಹತ್ತು ಲಕ್ಷ ಡಾಲರ್ ದಾಟಿತು, 2017ರಲ್ಲಿ 21 ಲಕ್ಷಕ್ಕೆ ಮತ್ತೆ ಮಾರಾಟವಾಯಿತು. ನನಗೂ ಒಂದು ಬ್ರಷ್ ಕೊಡಿ.

ಬಣ್ಣದಡಬ್ಬಿ
ತಗೊಳ್ಳಿ ಬ್ರಷ್. ಎಂಟು ಮೀಟರ್ ಕ್ಯಾನ್ವಾಸ್ ಮುಂದೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಕೂತುಕೊಳ್ಳಿ. ಒಂದು ಗೆರೆಯನ್ನೂ ಅಳಿಸಬೇಡಿ, ಪೆನ್ಸಿಲ್ಲಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಬೇಡಿ. ಆಮೇಲೆ ಫೋಟೋ ಹಾಕಿ, ನೋಡೋಣ.

ಎರಡು ದಿನ ಅಂತ ಕೇಳಿದ ತಕ್ಷಣ ಎಲ್ಲರಿಗೂ ಬೆಲೆ ನೆನಪಾಗುತ್ತದೆ. ಕ್ಯಾನ್ವಾಸ್ ಸಿಕ್ಕಿದ್ದು ಅವರ ವಯಸ್ಸು ಎಂಬತ್ತರ ಹತ್ತಿರ ಬಂದಾಗ. ಅದಕ್ಕೂ ಮುಂಚೆ 1977ರಿಂದ ಬಾಟಿಕ್ ಮಾಡುತ್ತಿದ್ದರು. ಅದಕ್ಕೂ ಮುಂಚೆ ಒಂದು ಜನ್ಮ ಪೂರ್ತಿ ಆಚರಣೆಗಳಲ್ಲಿ ಹೆಂಗಸರ ಎದೆ, ಭುಜದ ಮೇಲೆ ಇದೇ ಪಟ್ಟೆಗಳನ್ನು ಬರೆಯುತ್ತಿದ್ದರು. ಕೈಗೆ ಅಷ್ಟು ವರ್ಷದ ಅಭ್ಯಾಸ ಇತ್ತು. 1996ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸುಮಾರು 3000 ಚಿತ್ರ ಬರೆದಿದ್ದರು ಅಂತಾರೆ.

ಲೆಕ್ಕದಪುಸ್ತಕ
3000 ಚಿತ್ರ ಎಂಟೇ ವರ್ಷದಲ್ಲಿ. ಅದೇ ನನ್ನ ಪ್ರಶ್ನೆ. ಬರೆಸಿಕೊಂಡವರು ಯಾರು, ದುಡ್ಡು ಮಾಡಿಕೊಂಡವರು ಯಾರು?

ಬಣ್ಣದಡಬ್ಬಿ
ಹಾ, ಈಗ ಸರಿಯಾದ ಪ್ರಶ್ನೆ ಕೇಳಿದಿರಿ. ಅದನ್ನು ಕೇಳಿ, ಗೆರೆಯನ್ನು ಬೈಯಬೇಡಿ.

ಹೆಸರುಕಾಳು
ಆ ಗೆಡ್ಡೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಾನು ಕೃಷಿ ಓದಿದವನು, ಹಾಗಾಗಿ ಅದರ ಹಿಂದೆ ಬಿದ್ದೆ. ಅದು ಪೆನ್ಸಿಲ್ ಯಾಮ್. ಸಸ್ಯಶಾಸ್ತ್ರದಲ್ಲಿ ವಿಗ್ನಾ ಲ್ಯಾನ್ಸಿಯೊಲೇಟಾ. ನಮ್ಮ ಹೆಸರು, ಉದ್ದು, ಅಲಸಂದೆ ಎಲ್ಲವೂ ವಿಗ್ನಾ ಕುಲದವೇ. ಅಂದರೆ ಅದು ಅಲಸಂದೆಯ ದಾಯಾದಿ! ಬಳ್ಳಿ ನೆಲದ ಮೇಲೆ ಹಬ್ಬುತ್ತದೆ, ಬೆರಳು ಗಾತ್ರದ ಗೆಡ್ಡೆ ಕೆಳಗೆ ಇರುತ್ತದೆ. ಗೆಡ್ಡೆ ಬಲಿತಾಗ ನೆಲ ಬಿರುಕು ಬಿಡುತ್ತದೆ. ಹೆಂಗಸರು ಆ ಬಿರುಕು ಹಿಡಿದು ಅಗೆಯುತ್ತಾರೆ.

ಈಗ ಆ ಬಿಳಿ ಗೆರೆಗಳನ್ನು ನೋಡಿ. ಬೇರೂ ಹೌದು, ಬಿರುಕೂ ಹೌದು. ನನಗಂತೂ ಚೀಟಿ ಓದಿದ ಮೇಲೆ ಚಿತ್ರ ಡಬಲ್ ಆಯಿತು.

ಯಾರಾದಂಡೆ
ಅಲಸಂದೆ ವಿಷಯ ಅತ್ತೆಗೆ ಹೇಳಿದೆ. ಗೆಡ್ಡೆಗೆ ಹುಳಿ ಹಾಕುತ್ತಾರಾ, ಪಲ್ಯ ಮಾಡುತ್ತಾರಾ ಅಂತ ಕೇಳುತ್ತಿದ್ದಾರೆ 😀

ಹೆಸರುಕಾಳು
ಹಸಿಯಾಗಿಯೂ ತಿನ್ನುತ್ತಾರೆ, ಕೆಂಡದ ಬೂದಿಯಲ್ಲಿ ಸುಟ್ಟೂ ತಿನ್ನುತ್ತಾರೆ. ಹುಳಿ ಇಲ್ಲ ಅಂತ ಹೇಳಿ.

ಬಸವನಗುಡಿ_ಬೆಂಚು
ಚೀಟಿ ಓದುವ ಪಕ್ಷಕ್ಕೆ ನನ್ನ ವಿರೋಧ ದಾಖಲಿಸಿಕೊಳ್ಳಿ. ಚಿತ್ರ ಚೆನ್ನಾಗಿದ್ದರೆ ಅದು ತಾನೇ ಮಾತಾಡಬೇಕು. ಗ್ಯಾಲರಿಯಲ್ಲಿ ಜನರನ್ನು ನೋಡಿದ್ದೇನೆ: ಚೀಟಿಗೆ ಅರ್ಧ ನಿಮಿಷ, ಚಿತ್ರಕ್ಕೆ ಮೂರು ಸೆಕೆಂಡ್. ಅರಮನೆ ರಸ್ತೆಯ ನಮ್ಮ ಆಧುನಿಕ ಕಲಾ ಗ್ಯಾಲರಿಯಲ್ಲೂ ಅದೇ ಕತೆ. ವೆಂಕಟಪ್ಪನವರ ಊಟಿ ಜಲವರ್ಣ ನೋಡುವುದಕ್ಕೆ ಯಾವ ಚೀಟಿ ಬೇಕು? ಮಂಜು ಮಂಜೇ.

ಸಿಡ್ನಿಯ_ಸೊಸೆ
ಯಾಕೆ ಬೇಡ ರೀ? ವೆಂಕಟಪ್ಪನವರ ಊಟಿ ನಿಮಗೆ ಗೊತ್ತು, ಮಂಜು ಗೊತ್ತು, ಗುಡ್ಡ ಗೊತ್ತು. ಆ ಚೀಟಿ ನಿಮ್ಮ ತಲೆಯಲ್ಲೇ ಇದೆ, ಅದಕ್ಕೇ ಗೋಡೆ ಮೇಲಿನದು ಬೇಡ. ಎಮಿಲಿಯವರ ಊರು ಉಟೋಪಿಯಾ ನಿಮಗೆ ಗೊತ್ತಾ? ಆಲಿಸ್ ಸ್ಪ್ರಿಂಗ್ಸ್‌ನಿಂದ ಇನ್ನೂ 250 ಕಿಲೋಮೀಟರ್ ಈಶಾನ್ಯಕ್ಕೆ.

ಬಸವನಗುಡಿ_ಬೆಂಚು
ಒಳ್ಳೆ ವಾದ. ಆದರೂ ಮೊದಲು ಚಿತ್ರ, ಆಮೇಲೆ ಚೀಟಿ. ಇದರಲ್ಲಿ ರಾಜಿ ಇಲ್ಲ.

ಆಲಿಸ್_ಕಡೆಯವಳು
ನಾನು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನರ್ಸ್ ಆಗಿದ್ದವಳು. ನೀವೆಲ್ಲ ಒಂದು ಕಡೆ ಬಿಳಿಯರ ಲ್ಯಾಂಡ್‌ಸ್ಕೇಪ್, ಇನ್ನೊಂದು ಕಡೆ ಮೂಲನಿವಾಸಿಗಳ ಚುಕ್ಕಿ ಅಂತ ಎರಡು ಗುಂಪು ಮಾಡಿ ಕೂತಿದ್ದೀರಿ. ಆಲ್ಬರ್ಟ್ ನಮಾಟ್ಜಿರಾ ಅವರನ್ನು ಯಾವ ಗುಂಪಿಗೆ ಹಾಕುತ್ತೀರಿ?

ಅವರು ಅರ್ರೆಂಟೆ ಜನಾಂಗದವರು. 1902ರಲ್ಲಿ ಹರ್ಮನ್ಸ್‌ಬರ್ಗ್ ಮಿಷನ್‌ನಲ್ಲಿ ಹುಟ್ಟಿದವರು. 1936ರಲ್ಲಿ ರೆಕ್ಸ್ ಬ್ಯಾಟರ್ಬಿ ಅನ್ನುವ ಚಿತ್ರಕಾರನಿಗೆ ಒಂಟೆ ಸವಾರಿಯ ದಾರಿ ತೋರಿಸುತ್ತ, ಬದಲಿಗೆ ಜಲವರ್ಣ ಕಲಿತರು. ಎರಡೇ ವರ್ಷಕ್ಕೆ ಮೆಲ್ಬೋರ್ನ್‌ನಲ್ಲಿ ಸ್ವಂತ ಪ್ರದರ್ಶನ, ಎಲ್ಲ ಚಿತ್ರವೂ ಮಾರಾಟ. ನೇರಳೆ ಬೆಟ್ಟ, ಕೆಂಪು ಬಂಡೆ, ಮುಂದೆ ಬೆಳ್ಳಗಿನ ಗೋಸ್ಟ್ ಗಮ್ ಮರ. ಆಕಾಶ ಇದೆ, ದೂರ ಇದೆ, ಎಲ್ಲವೂ ಇದೆ. ಒಂದು ಕಾಲಕ್ಕೆ ಆಸ್ಟ್ರೇಲಿಯಾದ ಮನೆ ಮನೆಯಲ್ಲೂ ಅವರ ಪ್ರಿಂಟ್ ತೂಗಾಡುತ್ತಿತ್ತು.

ವಿಮರ್ಶಕರು ಮೂಗು ಮುರಿದರು. ಬಿಳಿಯರ ಥರ ಬರೆಯಲು ಕಲಿತಿದ್ದಾನೆ, ಅಷ್ಟೇ ಅಂತ. ಆದರೆ ಅವರು ಬರೆದದ್ದು ಸಿಕ್ಕ ಸಿಕ್ಕ ಗುಡ್ಡಗಳನ್ನಲ್ಲ. ಅಪ್ಪನ ಕಡೆಯಿಂದ, ಅಮ್ಮನ ಕಡೆಯಿಂದ ತನಗೆ ಹಕ್ಕು ಬಂದ ಜಾಗಗಳನ್ನೇ ಮತ್ತೆ ಮತ್ತೆ ಬರೆದರು. ಆ ಬಂಡೆಗಳಿಗೆಲ್ಲ ಕತೆ ಇದೆ. ಅದನ್ನು ಚಿತ್ರದಲ್ಲಿ ಹೇಳಲಿಲ್ಲ, ಕೊಳ್ಳುವವರು ಕೇಳಲೂ ಇಲ್ಲ.

ಇಷ್ಟು ದೊಡ್ಡ ಮನುಷ್ಯನಿಗೆ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲು ಜಾಗ ಕೊಡಲಿಲ್ಲ. 1957ರಲ್ಲಿ ಪೌರತ್ವದ ಪೂರ್ತಿ ಹಕ್ಕು ಕೊಟ್ಟರು, ಅದೂ ಅವರಿಗೆ ಮತ್ತು ಹೆಂಡತಿಗೆ ಮಾತ್ರ, ಮಕ್ಕಳಿಗೆ ಇಲ್ಲ. ಹಾಗಾಗಿ ಅವರು ಮದ್ಯ ಕುಡಿಯಬಹುದು, ಆ ಹಕ್ಕಿಲ್ಲದ ನೆಂಟರಿಗೆ ಕೊಟ್ಟರೆ ಅಪರಾಧ. 1958ರಲ್ಲಿ ಅದೇ ಕೇಸ್ ಹಾಕಿದರು, ಶಿಕ್ಷೆಯಾಯಿತು, ಪಪುನ್ಯಾದಲ್ಲಿ ಎರಡು ತಿಂಗಳು ಇರಿಸಿದರು. ಮರುವರ್ಷ ತೀರಿಕೊಂಡರು. ಮೇಲೆ ಹೇಳಿದ ಅದೇ ಪಪುನ್ಯಾ.

ಗೀಲಾಂಗ್_ವಾಸಿ
ಇದು ಗೊತ್ತಿರಲಿಲ್ಲ ಅಕ್ಕಾ. ನಮ್ಮ ಮನೆ ಓನರ್ ಹಾಲ್‌ನಲ್ಲಿ ಅವರ ಪ್ರಿಂಟ್ ಇದೆ. ಕ್ಯಾಲೆಂಡರ್ ಚಿತ್ರ ಅಂತ ತಿಳಿದಿದ್ದೆ.

ಲೆಕ್ಕದಪುಸ್ತಕ
ಅವರ ಕಾಪಿರೈಟ್ ಕತೆಯನ್ನೂ ಹೇಳಿ. ಅವರು ತೀರಿಕೊಂಡ ಮೇಲೆ ಆಸ್ತಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಅಧಿಕಾರಿ 1983ರಲ್ಲಿ ಕಾಪಿರೈಟ್ ಅನ್ನು ಒಬ್ಬ ಪ್ರಕಾಶಕರಿಗೆ 8500 ಡಾಲರ್‌ಗೆ ಮಾರಿಬಿಟ್ಟರು. ಮನೆಯವರಿಗೆ ಒಂದು ಪೈಸೆ ರಾಯಲ್ಟಿ ಇಲ್ಲ. 2017ರಲ್ಲಿ ಕುಟುಂಬದ ಟ್ರಸ್ಟ್‌ಗೆ ಅದು ವಾಪಸ್ ಬಂತು, 1 ಡಾಲರ್‌ಗೆ. ನಾನು ದುಡ್ಡಿನ ಮಾತಾಡಿದರೆ ಎಲ್ಲರೂ ಮುಖ ಸಿಂಡರಿಸುತ್ತೀರಿ. ಆದರೆ ಕತೆ ಇರುವುದೇ ದುಡ್ಡಿನಲ್ಲಿ.

ಸಿಡ್ನಿಯ_ಸೊಸೆ
ಅವರ ಮರಿಮಗ ವಿನ್ಸೆಂಟ್ ನಮಾಟ್ಜಿರಾ 2020ರಲ್ಲಿ, ಇಲ್ಲಿ ಭಾವಚಿತ್ರಕ್ಕೆ ಕೊಡುವ ಆರ್ಚಿಬಾಲ್ಡ್ ಪ್ರಶಸ್ತಿ ಗೆದ್ದರು. ಆ ಪ್ರಶಸ್ತಿ ಪಡೆದ ಮೊದಲ ಮೂಲನಿವಾಸಿ ಕಲಾವಿದ. 1956ರಲ್ಲಿ ಅದೇ ಪ್ರಶಸ್ತಿ ಗೆದ್ದದ್ದು ವಿಲಿಯಂ ಡಾರ್ಗಿ ಬರೆದ ಆಲ್ಬರ್ಟ್ ಅವರ ಭಾವಚಿತ್ರ! ಮುತ್ತಜ್ಜ ಚಿತ್ರದಲ್ಲಿ ಕೂತ, ಮರಿಮಗ ಬ್ರಷ್ ಹಿಡಿದ.

ಸಾಗರದವಳು
ನಾನು ಸಾಗರದ ಕಡೆಯ ದೀವರ ಮನೆಯವಳು. ಇದನ್ನೆಲ್ಲ ಓದುತ್ತಾ ಹೊಟ್ಟೆಯಲ್ಲಿ ಏನೋ ಆಯಿತು, ಹಾಗಾಗಿ ಉದ್ದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮದುವೆಗೆ ಹಸೆ ಗೋಡೆ ಬರೆಯುತ್ತೇವೆ. ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ. ಪುಂಡಿ ನಾರಿನ ಬ್ರಷ್. ಗೆರೆ ಎಲ್ಲಿ ಶುರು ಮಾಡಬೇಕು, ಎಲ್ಲಿ ತಿರುಗಿಸಬೇಕು ಅಂತ ಅಜ್ಜಿ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರು. ಹುಡುಗ ಹುಡುಗಿ ಅದರ ಮುಂದೆ ಕೂರುತ್ತಾರೆ. ಅದಿಲ್ಲದೆ ಮದುವೆ ಇಲ್ಲ.

ಈಗ ಬೆಂಗಳೂರಿನ ಒಂದು ಹೋಟೆಲಿನ ಲಾಬಿಯಲ್ಲಿ ಅದೇ ಹಸೆಯನ್ನು ಫ್ರೇಮ್ ಹಾಕಿ ನೇತುಹಾಕಿದ್ದಾರೆ. ಕೆಳಗೆ "ಟ್ರೈಬಲ್ ಆರ್ಟ್, ಕರ್ನಾಟಕ" ಅಂತ ಚೀಟಿ. ಬರೆದವಳ ಹೆಸರು ಇಲ್ಲ. ಅದೇ ಸಾಲಿನಲ್ಲಿ ಯಾರದೋ ತೈಲವರ್ಣ ಇದೆ, ಅದಕ್ಕೆ ಹೆಸರು, ಇಸವಿ, ಎಲ್ಲ ಇದೆ. ಚೀಟಿ ಬೇಕೋ ಬೇಡವೋ ಅಂತ ನೀವು ಜಗಳ ಆಡುತ್ತಿದ್ದೀರಿ. ನನ್ನ ಜಗಳ ಏನಂದರೆ, ಚೀಟಿಯಲ್ಲಿ ಮೊದಲು ಹೆಸರು ಇರಲಿ. ಮೆಲ್ಬೋರ್ನ್ ಗ್ಯಾಲರಿಯಲ್ಲಿ ಎಮಿಲಿ ಅಂತ ಹೆಸರು ಇದೆಯಲ್ಲ, ಅಷ್ಟಾದರೂ ನಮ್ಮವರಿಗೆ ಯಾಕಿಲ್ಲ?

ಬಣ್ಣದಡಬ್ಬಿ
ಸಾಗರದ ಅಕ್ಕಾ, ಅಲ್ಲೂ ಹೆಸರು ಸುಲಭಕ್ಕೆ ಬರಲಿಲ್ಲ. 1966ರಲ್ಲಿ ಆಸ್ಟ್ರೇಲಿಯಾ ಡಾಲರ್ ನೋಟು ಶುರುವಾದಾಗ, 1 ಡಾಲರ್ ನೋಟಿನ ಮೇಲೆ ಮೂಲನಿವಾಸಿ ಕಲಾವಿದ ಡೇವಿಡ್ ಮಲಂಗಿ ಅವರ ತೊಗಟೆ ಚಿತ್ರವನ್ನು ಅಚ್ಚು ಹಾಕಿದರು. ಅವರನ್ನು ಕೇಳಲೇ ಇಲ್ಲ. ಯಾರೋ ಹಳೆ ಅನಾಮಿಕ ಕಲಾವಿದನದು ಅಂತ ತಿಳಿದಿದ್ದರಂತೆ, ಮನುಷ್ಯ ಬದುಕಿದ್ದಾರೆ! ವಿಷಯ ಹೊರಗೆ ಬಂದ ಮೇಲೆ 1000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನಿನ ಒಂದು ಪೆಟ್ಟಿಗೆ ಕೊಟ್ಟರು.

ಕೋಲಾರದ_ಕಡ್ಲೆ
ಮೀನು ಹಿಡಿಯುವ ಸಾಮಾನು?! ನೋಟು ಅಚ್ಚು ಹಾಕುವವರು?

ಭೋಪಾಲ್_ಬಸ್ಸು
ಗ್ಯಾಲರಿಯಲ್ಲಿ ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಕಾ, ಬೇರೆ ಬೇರೆ ಇಡಬೇಕಾ ಅನ್ನುವುದು ನಮ್ಮ ದೇಶದಲ್ಲೂ ಹಳೆ ಜಗಳ. 1982ರಲ್ಲಿ ಭೋಪಾಲ್‌ನ ಭಾರತ್ ಭವನ ಶುರುವಾದಾಗ ಜೆ. ಸ್ವಾಮಿನಾಥನ್ ಅವರು ನಗರದ ಆಧುನಿಕ ಚಿತ್ರಗಳನ್ನೂ ಆದಿವಾಸಿಗಳ ಕೆಲಸವನ್ನೂ ಒಂದೇ ಸೂರಿನಡಿ ಸರಿಸಮ ಇಟ್ಟರು. ಗೊಂಡ ಕಲಾವಿದ ಜನಗಢ್ ಸಿಂಗ್ ಶ್ಯಾಮ್ ಅಲ್ಲೇ ಬೆಳಕಿಗೆ ಬಂದವರು. ಹಳ್ಳಿಯ ಗೋಡೆಯಿಂದ ಕಾಗದಕ್ಕೆ ಬಂದರು. ಚುಕ್ಕಿ ಚುಕ್ಕಿ ಇಟ್ಟು ಜಿಂಕೆ, ಹಾವು, ದೇವರು. 2001ರಲ್ಲಿ ಜಪಾನಿನ ಒಂದು ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲೇ ಪ್ರಾಣ ಕಳೆದುಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ.

ನನ್ನ ಅಭಿಪ್ರಾಯ: ಒಂದೇ ಕೋಣೆಯಲ್ಲಿ ಇಡಿ. ಬೇರೆ ಕೋಣೆ ಅಂದರೆ ಬೇರೆ ಪಂಕ್ತಿ.

ಆಲಿಸ್_ಕಡೆಯವಳು
ಅಷ್ಟು ಸುಲಭ ಅಲ್ಲ. ಪಪುನ್ಯಾದ ಮೊದಮೊದಲ ಹಲಗೆಗಳಲ್ಲಿ ಎಲ್ಲರೂ ನೋಡಬಾರದ ವಿಷಯಗಳೂ ಬಂದುಬಿಟ್ಟವು. ದೀಕ್ಷೆಯಾದ ಗಂಡಸರು ಮಾತ್ರ ನೋಡಬೇಕಾದವು. ಅಕ್ಕಪಕ್ಕದ ಜನಾಂಗದವರು ಸಿಟ್ಟಾದರು. ಕೆಲವು ಹಲಗೆಗಳನ್ನು ಇವತ್ತಿಗೂ ಸಾರ್ವಜನಿಕರಿಗೆ ತೋರಿಸುವುದಿಲ್ಲ. ಆಮೇಲೆ ಚಿತ್ರಗಳಲ್ಲಿ ಚುಕ್ಕಿ ದಟ್ಟವಾಗುತ್ತಾ ಹೋಯಿತು, ಕೆಳಗಿನದು ಮುಚ್ಚಿಹೋಯಿತು. ಒಂದೇ ಕೋಣೆಯಲ್ಲಿ ನೇತುಹಾಕುವ ಮುಂಚೆ ಅವರನ್ನು ಕೇಳಬೇಕು.

ಬಸವನಗುಡಿ_ಬೆಂಚು
ಅಂದರೆ ಚುಕ್ಕಿ ಅನ್ನುವುದೇ ಪರದೆ. ಇದು ಚೆನ್ನಾಗಿದೆ.

ಬಣ್ಣದಡಬ್ಬಿ
ಪೂರ್ತಿ ಹಾಗಲ್ಲ. ಚುಕ್ಕಿ ಮುಂಚೆಯೂ ಇತ್ತು, ಮೈ ಮೇಲೂ ನೆಲದ ಮೇಲೂ. ಮರೆಮಾಚಲು ಹುಟ್ಟಿಸಿದ್ದು ಅಂತ ಟೂರ್ ಗೈಡ್‌ಗಳು ಹೇಳುವುದನ್ನು ನಂಬಬೇಡಿ. ಇನ್ನು, ಮೂಲನಿವಾಸಿ ಕಲೆ ಎಂದರೆ ಚುಕ್ಕಿ ಅಂತಲೂ ಅಲ್ಲ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ತೊಗಟೆ ಮೇಲೆ ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆಗಳು. ಕಿಂಬರ್ಲಿಯಲ್ಲಿ ಬರೀ ಮಣ್ಣಿನ ಬಣ್ಣ.

ಕಿಂಬರ್ಲಿ ಅಂದಾಗ ರೋವರ್ ಥಾಮಸ್ ನೆನಪಾದರು. 1990ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನಕ್ಕೆ ಟ್ರೆವರ್ ನಿಕೋಲ್ಸ್ ಜೊತೆ ಹೋದವರು. ಅವರ ಚಿತ್ರ ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಕಂದು, ಕಪ್ಪು, ಹಳದಿ ಮಣ್ಣಿನ ದೊಡ್ಡ ದೊಡ್ಡ ಭಾಗಗಳು, ಅಂಚಿಗೆ ಬಿಳಿ ಚುಕ್ಕಿಗಳ ಒಂದೇ ಸಾಲು. ಎಷ್ಟು ಪ್ರಶಾಂತ ಅಂತ ಮನೆಯ ಹಾಲ್‌ಗೆ ಬೇಕು ಅನಿಸುತ್ತದೆ. ಆದರೆ ಅವುಗಳಲ್ಲಿ ಕೆಲವು ಕೊಲೆ ನಡೆದ ಜಾಗಗಳು. ಬೆಡ್‌ಫರ್ಡ್ ಡೌನ್ಸ್ ಅನ್ನುವ ದನದ ಫಾರಂನಲ್ಲಿ ಕೆಲಸದವರಿಗೆ ಊಟದಲ್ಲಿ ವಿಷ ಹಾಕಿ ಕೊಂದು, ಅವರೇ ಕಡಿದು ತಂದ ಸೌದೆಯಲ್ಲಿ ಸುಟ್ಟರು ಅಂತ ಅಲ್ಲಿನ ಜನ ಹೇಳಿಕೊಂಡು ಬಂದಿದ್ದಾರೆ. ರೋವರ್ ಅದನ್ನೂ ಬರೆದರು. ಹೆಣ ಇಲ್ಲ, ಬೆಂಕಿ ಇಲ್ಲ. ಬರೀ ಗುಡ್ಡ, ದಾರಿ.

ಬಸವನಗುಡಿಯವರೇ, ಇದನ್ನು ಚೀಟಿ ಇಲ್ಲದೆ ನೋಡುತ್ತೀರಾ?

ಬಸವನಗುಡಿ_ಬೆಂಚು
ಮೊದಲು ಚೀಟಿ ಇಲ್ಲದೆ ನೋಡುತ್ತೇನೆ, ಆಮೇಲೆ ಓದುತ್ತೇನೆ, ಆಮೇಲೆ ಇನ್ನೊಮ್ಮೆ ನೋಡುತ್ತೇನೆ. ಪ್ರಶಾಂತ ಅಂದುಕೊಂಡಿದ್ದು ತಲೆಕೆಳಗಾಗಬೇಕಾದರೆ ಮೊದಲು ಪ್ರಶಾಂತ ಅನಿಸಬೇಕಲ್ಲ.

ಸಾಗರದವಳು
ಈ ಮಾತು ಒಪ್ಪಿದೆ.

ಗೀಲಾಂಗ್_ವಾಸಿ
ಹಾಗೆ ನೋಡಿದರೆ ಬಿಳಿಯರ ಚಿತ್ರಗಳಿಗೂ ಇನ್ನೊಂದು ಚೀಟಿ ಬೇಕು. ಅದೇ ಗ್ಯಾಲರಿಯವರ ಬಳಿ ಮ್ಯಾಕ್‌ಕಬಿನ್ ಅವರ 1904ರ "ದಿ ಪಯನಿಯರ್" ಇದೆ. ಮೂರು ಭಾಗ. ಕಾಡಿಗೆ ಬಂದ ಗಂಡ ಹೆಂಡತಿ, ಆಮೇಲೆ ಮರ ಕಡಿದು ಗುಡಿಸಲು, ಮಗು, ಕೊನೆಗೆ ಪೊದೆಯ ನಡುವೆ ಒಂದು ಸಮಾಧಿ, ದೂರದಲ್ಲಿ ಎದ್ದು ನಿಂತ ಪಟ್ಟಣ. ತುಂಬ ಚೆನ್ನಾಗಿದೆ, ಕಣ್ಣು ತೇವವಾಗುತ್ತದೆ. ಆದರೆ ಇಡೀ ಕಾಡಿನಲ್ಲಿ ಅವರಿಗಿಂತ ಮುಂಚೆ ಯಾರೂ ಇರಲೇ ಇಲ್ಲ ಅನ್ನುವ ಹಾಗಿದೆ.

ಫ್ರೆಡ್ ವಿಲಿಯಮ್ಸ್ ಚಿತ್ರದಲ್ಲೂ ಜನ ಇಲ್ಲ ನೋಡಿ. ಯೂ ಯಾಂಗ್ಸ್ ವಾಥವುರಂಗ್ ಜನರ ನೆಲ. ಗುಡ್ಡದ ಬಂಡೆಗಳಲ್ಲಿ ನೀರು ನಿಲ್ಲಲು ಅವರು ಮಾಡಿಕೊಂಡ ಗುಳಿಗಳು ಇವತ್ತಿಗೂ ಇವೆ. ಚಿತ್ರ ಇಷ್ಟವೇ, ಆದರೂ ಇದು ನನ್ನ ತಲೆಯಿಂದ ಹೋಗುವುದಿಲ್ಲ.

ಲೆಕ್ಕದಪುಸ್ತಕ
ಸರಿ, ಈಗ ಒಂದು ಉಪಯೋಗದ ಪ್ರಶ್ನೆ. ಊರಿಗೆ ಹೋಗುವಾಗ ಒಂದು ಸಣ್ಣ ಚಿತ್ರ ಕೊಳ್ಳೋಣ ಅಂದುಕೊಂಡಿದ್ದೇನೆ. ಮಾರ್ಕೆಟ್‌ನಲ್ಲಿ ಚುಕ್ಕಿ ಬರೆದ ಬೂಮರಾಂಗ್ 15 ಡಾಲರ್‌ಗೆ ಸಿಗುತ್ತದೆ. ತಗೋಬಹುದಾ?

ಸಿಡ್ನಿಯ_ಸೊಸೆ
ಬೇಡ. ಆ ಥರದ್ದರಲ್ಲಿ ಹೆಚ್ಚಿನವು ನಕಲಿ, ಹೊರದೇಶದಲ್ಲಿ ಮಾಡಿ ತಂದವು. ಈ ಥರದ ನೆನಪಿನ ಸಾಮಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಸಲಿ ಅಲ್ಲ ಅಂತ 2022ರಲ್ಲಿ ಸರ್ಕಾರಿ ಆಯೋಗವೇ ಹೇಳಿತು. ಹಳೆ ಕೇಸ್ ಒಂದಿದೆ: ಕಲಾವಿದರ ಚಿತ್ರಗಳನ್ನು ಕೇಳದೆ ವಿಯೆಟ್ನಾಂನಲ್ಲಿ ಕಾರ್ಪೆಟ್ ಮಾಡಿಸಿ ತಂದು ಮಾರಿದರು. ಪವಿತ್ರ ಅಂದುಕೊಂಡದ್ದನ್ನು ಜನ ತುಳಿದು ಓಡಾಡುವುದು! 1994ರಲ್ಲಿ ಕೋರ್ಟ್ ಕಲಾವಿದರ ಪರ ತೀರ್ಪು ಕೊಟ್ಟಿತು.

ಕೊಳ್ಳುವುದಾದರೆ ಕಲಾವಿದರದೇ ಆರ್ಟ್ ಸೆಂಟರ್‌ನಿಂದ ಕೊಳ್ಳಿ. ಬರೆದವರ ಹೆಸರು, ಊರು, ಕತೆ ಇರುವ ಪತ್ರ ಕೊಡುತ್ತಾರೆ. ಅಂಗೈ ಅಗಲದ ಕ್ಯಾನ್ವಾಸ್ ನೂರಿನ್ನೂರು ಡಾಲರ್‌ಗೂ ಸಿಗುತ್ತದೆ.

ಲೆಕ್ಕದಪುಸ್ತಕ
ಮುಂದೆ ಅದನ್ನು ಮಾರಿದರೆ?

ಸಿಡ್ನಿಯ_ಸೊಸೆ
ಇನ್ನೂ ಕೊಂಡೇ ಇಲ್ಲ, ಆಗಲೇ ಮಾರಾಟ! 2010ರಿಂದ ಇಲ್ಲಿ ಮರುಮಾರಾಟದ ರಾಯಲ್ಟಿ ಕಾನೂನಿದೆ. ಡೀಲರ್, ಹರಾಜಿನವರ ಮೂಲಕ 1000 ಡಾಲರ್ ಅಥವಾ ಜಾಸ್ತಿಗೆ ಮತ್ತೆ ಮಾರಿದರೆ ಕಲಾವಿದರಿಗೆ 5 ಪರ್ಸೆಂಟ್. ಅದಕ್ಕೂ ಮುಂಚೆ ಏನಾಗುತ್ತಿತ್ತು ಅಂದರೆ, ಕ್ಲಿಫರ್ಡ್ ಪಾಸಮ್ ಅವರ 1977ರ ಒಂದು ದೊಡ್ಡ ಚಿತ್ರ ಮೊದಲು ಹೋಗಿದ್ದು 1200 ಡಾಲರ್‌ಗೆ, ಒಂದು ಬ್ಯಾಂಕಿಗೆ. 2007ರ ಹರಾಜಿನಲ್ಲಿ 24 ಲಕ್ಷ. ಆ 24 ಲಕ್ಷದಲ್ಲಿ ಮನೆಯವರಿಗೆ ಪಾಲು ಕೊಡಲೇಬೇಕು ಅನ್ನುವ ಕಾನೂನೇ ಇರಲಿಲ್ಲ.

ಯಾರಾದಂಡೆ
ಇಷ್ಟೆಲ್ಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದು ಮಾತ್ರ ಇನ್ನೂ ಉಳಿದಿದೆ. ನಕ್ಷೆ ಅಂದರೆ ಬೇರೆಯವರಿಗೆ ದಾರಿ ತೋರಿಸಲು ಮಾಡುವುದಲ್ಲವಾ? ಇವರು ಅರ್ಧ ಮುಚ್ಚಿಡುತ್ತಾರೆ ಅಂದರೆ ಅದು ನಕ್ಷೆ ಹೇಗಾಯಿತು? ಮಾವನವರನ್ನು ಕೇಳಿದರೆ "ಪಹಣಿ ದಾರಿ ತೋರಿಸುತ್ತದಾ? ಜಮೀನು ಯಾರದು ಅಂತ ಹೇಳುತ್ತದೆ, ಅಷ್ಟೇ" ಅಂದರು.

ಬಣ್ಣದಡಬ್ಬಿ
ಮಾವನವರನ್ನು ನಮ್ಮ ಕಾಲೇಜಿಗೆ ಕಳಿಸಿ, ಪಾಠ ಮಾಡಲಿ.

ನಿಜವಾಗಿಯೂ ಹಾಗೆ ಬಳಸಿದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ತಮ್ಮ ನೆಲದ ಹಕ್ಕಿಗೆ ಅರ್ಜಿ ಹಾಕಿದ್ದರು. ಇಂಗ್ಲಿಷ್ ಕಾಗದಪತ್ರದಲ್ಲಿ ಹೇಳಲು ಆಗುತ್ತಿರಲಿಲ್ಲ. 1997ರಲ್ಲಿ ಎಲ್ಲರೂ ಸೇರಿ 8 ಮೀಟರ್‌ಗೆ 10 ಮೀಟರ್ ಕ್ಯಾನ್ವಾಸ್ ಬರೆದರು. ಉರ್ರಾರಾ ಕ್ಯಾನ್ವಾಸ್ ಅಂತಾರೆ. ಅದನ್ನು ನೆಲಕ್ಕೆ ಹಾಸಿ, ಒಬ್ಬೊಬ್ಬರೂ ತಮ್ಮ ನೀರಿನ ಜಾಗದ ಮೇಲೆ ನಿಂತು, ತಮ್ಮ ಭಾಷೆಯಲ್ಲಿ ಇದು ನಮ್ಮದು ಯಾಕೆ ಅಂತ ಹೇಳಿದರು. ಟ್ರಿಬ್ಯೂನಲ್‌ನವರು ಕೂತು ಕೇಳಿದರು. ಹಕ್ಕು ಸಿಕ್ಕಿದ್ದು ಹತ್ತು ವರ್ಷ ಕಳೆದು, 2007ರಲ್ಲಿ.

ಕೋಲಾರದ_ಕಡ್ಲೆ
ಹತ್ತು ವರ್ಷ. ನಮ್ಮ ತಾಲ್ಲೂಕು ಆಫೀಸಿಗೆ ಹೋಲಿಸಿದರೆ ಫಾಸ್ಟ್.

ಭೋಪಾಲ್_ಬಸ್ಸು
ಆ ಕ್ಯಾನ್ವಾಸ್ ಹಾಸಿ ಅದರ ಮೇಲೆ ನಿಂತರು ಅನ್ನುವುದೇ ಸಾಕು. ಗ್ಯಾಲರಿಯಲ್ಲಿ ನಾವು ಒಂದು ಹೆಜ್ಜೆ ಮುಂದೆ ಹೋದರೆ ಅಲಾರಂ ಹೊಡೆಯುತ್ತದೆ.

ಸಾಗರದವಳು
ಈ ಥರ ಚಿತ್ರವನ್ನೇ ಅರ್ಜಿಯಾಗಿ ಕೊಟ್ಟಿದ್ದು ಇದೇ ಮೊದಲಾ?

ಆಲಿಸ್_ಕಡೆಯವಳು
ಅಲ್ಲ. 1963ರಲ್ಲೇ ಯಿರ್ಕಲಾದ ಯೊಲ್ಞು ಜನ ತಮ್ಮ ನೆಲದಲ್ಲಿ ಬಾಕ್ಸೈಟ್ ಗಣಿ ಬೇಡ ಅಂತ ಪಾರ್ಲಿಮೆಂಟ್‌ಗೆ ಅರ್ಜಿ ಕಳಿಸಿದರು. ಟೈಪ್ ಮಾಡಿದ ಕಾಗದವನ್ನು ತೊಗಟೆ ಮೇಲೆ ಅಂಟಿಸಿ, ಸುತ್ತಲೂ ತಮ್ಮ ಕುಲದ ಚಿತ್ರಗಳನ್ನು ಬರೆದು. ಗಣಿ ನಿಲ್ಲಲಿಲ್ಲ, ಕೋರ್ಟಿನಲ್ಲೂ 1971ರಲ್ಲಿ ಸೋತರು. ಆದರೆ 1976ರ ಭೂಹಕ್ಕಿನ ಕಾನೂನಿಗೆ ದಾರಿ ಶುರುವಾಗಿದ್ದು ಅಲ್ಲಿಂದ.

ಯಾರಾದಂಡೆ
ಅದನ್ನು ಎಲ್ಲಿ ನೋಡಬಹುದು? ಅತ್ತೆ ಮಾವ ವಾಪಸ್ ಹೋಗುವ ಮುಂಚೆ ಕ್ಯಾನ್‌ಬೆರಾಕ್ಕೆ ಹೋಗುವ ಯೋಚನೆ ಇದೆ.

ಆಲಿಸ್_ಕಡೆಯವಳು
ಕ್ಯಾನ್‌ಬೆರಾದಲ್ಲೇ, ಪಾರ್ಲಿಮೆಂಟ್ ಹೌಸ್ ಒಳಗೆ. ಅದಕ್ಕೂ ಟಿಕೆಟ್ ಇಲ್ಲ. ಹೋದವರು ಅಲ್ಲಿನ ನ್ಯಾಷನಲ್ ಗ್ಯಾಲರಿಯನ್ನೂ ಬಿಡಬೇಡಿ. 1988ರಲ್ಲಿ, ಬ್ರಿಟಿಷರು ಬಂದು 200 ವರ್ಷ ಆಯಿತು ಅಂತ ದೇಶ ಹಬ್ಬ ಮಾಡುವಾಗ, ರಾಮಿಂಗಿನಿಂಗ್ ಕಡೆಯ 43 ಕಲಾವಿದರು ವರ್ಷಕ್ಕೊಂದರಂತೆ 200 ಟೊಳ್ಳು ಮರದ ದಿಮ್ಮಿಗಳಿಗೆ ಬಣ್ಣ ಬರೆದು ನಿಲ್ಲಿಸಿದರು. ಅವರಲ್ಲಿ ಸತ್ತವರ ಮೂಳೆ ಇಡುವುದು ಅಂಥ ದಿಮ್ಮಿಯಲ್ಲಿ. ನಡುವೆ ನಡೆದು ಹೋಗಲು ದಾರಿ ಬಿಟ್ಟಿದ್ದಾರೆ.

ಲೆಕ್ಕದಪುಸ್ತಕ
ಪಾರ್ಕಿಂಗ್ ಫ್ರೀನಾ?

ಸಿಡ್ನಿಯ_ಸೊಸೆ
ಪಾರ್ಲಿಮೆಂಟ್ ಹೌಸ್ ಕೆಳಗೆ ಮೊದಲೆರಡು ಗಂಟೆ ಫ್ರೀ ಇತ್ತು ನಾವು ಹೋದಾಗ. ಈಗಿನದು ವೆಬ್‌ಸೈಟ್ ನೋಡಿಕೊಂಡು ಹೋಗಿ.